ಎರಡು ಸಾವಿರ ಮನಿ

ಬಾಗಲಕೋಟಿ ನವನಗರದಾಗ ಕಾಕಾನ ಡಿಟಿಪಿ ಅಂಗಡಿ.
ಹಗಲೆಲ್ಲಾ ಲಗ್ನಪತ್ರ, ಬ್ಯಾಂಕಿನ ಅರ್ಜಿ.
ರಾತ್ರಿ ಎಂಟರ ಮ್ಯಾಲ, ಶಟರ್ ಅರ್ಧ ಎಳದು,
ಕಂಪ್ಯೂಟರ್ ನನ್ನದು.

ಕರಿ ಪರದೆ. ಇಪ್ಪತ್ತೈದು ಸಾಲು,
ಸಾಲಿಗೆ ಎಂಬತ್ತು ಮನಿ. ಗುಣಿಸಿದೆ: ಎರಡು ಸಾವಿರ.
ಚೌಕಾಬಾರದ ಇಪ್ಪತ್ತೈದು ಮನಿಗೇ ಜಗಳಾಡಿ
ಹುಣಸಿಬೀಜ ತೂರಿದವರು ನಾವು,
ಇಷ್ಟು ಮನಿ ಕಟಗೊಂಡು ಏನು ಮಾಡೂದು?

ಹಳೇ ಊರಿನ ಓಣಿ ನೆನಪಿದ್ದಷ್ಟು ಬಿಡಿಸಿದೆ.
ನೆನಪಿಲ್ಲದಲ್ಲಿ ಗ್ವಾಡಿ ಹಾಕಿದೆ.
ತಳದಾಗ ಒಂದು ಎಮ್ಮಿ. ಅದರ ಬೆನ್ನಹಿಂದ ನೀರು.
ಹತ್ತು ಎಣಿಸೂದರಾಗ ನೀರು ಒಂದು ಸಾಲು ಏರತೈತಿ,
ಬಾಣದ ಗುಂಡಿ ಒತ್ತಿ ಎಮ್ಮೀನ ದಿಬ್ಬಕ್ಕ ಹತ್ತಿಸಬೇಕು.
ನೀರು ತಾಕಿತೋ, "ಟುಂಯ್" ಅಂತ ಒಂದು ಸಪ್ಪಳ;
"ಎಮ್ಮಿ ಹೋತು. ಮತ್ತ ಆಡ್ತೀ?" ಅಂತ
ಇಂಗ್ಲಿಷ್ ಅಕ್ಷರದ ಕನ್ನಡದಾಗ ಒಂದು ಪ್ರಶ್ನೆ.

ಕಾಕಾನ ಡಬ್ಬಿಯಿಂದ ಮೂರು ಫ್ಲಾಪಿ ತಗೊಂಡು,
ಅದರಾಗಿನ ಮುಗದುಹೋದ ಲಗ್ನ ಅಳಿಸಿ,
ಆಟ ತುಂಬಿ, ದೋಸ್ತರನ್ನ ಕರದೆ.

ದಾವಲ್ ಬಂದವನ ಕಣ್ಣು ಕಿರಿದು ಮಾಡಿದ:
"ಲೇ, ಇದು ಎಮ್ಮೀನೋ, ಸ್ಟ್ಯಾಂಡ್ ಹಾಕಿದ ಲೂನಾನೋ?"
ಗುರುಪಾದ ನಾಕನೇ ಸಲಕ್ಕ ದಿಬ್ಬ ಮುಟ್ಟಿಸಿದ.
"ಗೆದ್ದಿ" ಅಂತು ಪರದೆ. ಸುಮ್ಮನ ನಿಂತಿತು.
"ಮುಂದ?" ಅಂದ.
ಮುಂದಿಂದು ನಾ ಬರದಿರಲಿಲ್ಲ.
ಶೈಲಾ ಆಡಲೇ ಇಲ್ಲ. ಎಮ್ಮೀನ ಮೊದಲನೇ ಓಣ್ಯಾಗ ನಿಲ್ಲಿಸಿ
ನೀರು ಬರೂದನ್ನ ನೋಡಿದಳು,
ಟುಂಯ್,
ಮತ್ತ ನಿಲ್ಲಿಸಿದಳು.

ಅಷ್ಟರಾಗ ದಾವಲನ ನಾನಿ,
ಮೊಮ್ಮಗನ್ನ ಹುಡುಕ್ಕೋತ ಬಂದಾಕಿ,
ಶಟರಿನ ಕೆಳಗ ಬಗ್ಗಿ ಒಳಗ ಇಣುಕಿದಳು.
ಏನು ಆಟ ಅಂತ ಕೇಳಿದಳು. ಹೇಳಿದ್ವಿ.
ನಕ್ಕಳು ನೋಡ್ರಿ, ಸೆರಗು ಬಾಯಿಗೆ ಹಿಡದು,
ಎಲಿಅಡಿಕಿ ನೆತ್ತಿಗೇರೂ ಹಂಗ:
"ಎಮ್ಮಿ ನೀರಾಗ ಸಾಯತೈತೇನೋ, ಹುಚ್ಚಪ್ಪಗಳ್ರಾ?
ನಮ್ಮವು ಹೊಳಿ ಈಜಿ ಆ ದಂಡಿಗೆ ಮೇಯಾಕ ಹೋಗತಿದ್ದವು.
ಬಾಲ ಹಿಡಕೊಂಡು ನಾನೂ."

ಯಾರೂ ಮಾತಾಡಲಿಲ್ಲ.
ಎಂಟು ರಾತ್ರಿ ಕುಂತು ಬರದ ಆಟ,
ಅದರ ಬುಡಕ್ಕೇ ತಪ್ಪಿತ್ತು.

ಸಾಯೂ ಸಾಲು ಒಂದ ಇತ್ತು. ಅಳಸಲಿಲ್ಲ.
ಅದರ ಮುಂದ ಒಂದು ಸಣ್ಣ ಗೀಟು ಇಟ್ಟೆ.
ಗೀಟಿನ ಆಚೆ ಏನಿದ್ದರೂ ಕಂಪ್ಯೂಟರ್ ಓದೂದಿಲ್ಲ.

ನೀರು ಏರಿತು. ಓಣಿ, ಗ್ವಾಡಿ, ದಿಬ್ಬ,
"ಗೆದ್ದಿ" ಅನ್ನೂದು ಸೈತ ಮುಳುಗಿತು.
ಎರಡು ಸಾವಿರ ಮನಿ ನೀಲಿ.
ಮ್ಯಾಲ ಎರಡು ಕೋಡು, ಒಂದು ಮೂಗು,
ಒತ್ತಿದ ಕಡೆ ಹೊಂಟಿತು.

ಶೈಲಾ ಈಗ ಕೀಬೋರ್ಡ್ ತನ್ನ ಕಡೆ ಎಳಕೊಂಡಳು.
ಎಡಕ್ಕ ಹನ್ನೊಂದು. ಕೆಳಗ ನಾಕು. ತುಟಿ ಎಣಸತಿತ್ತು.
"ಈಗ ನಮ್ಮ ಅಡಗಿಮನಿ ಮ್ಯಾಲ ಐತಿ," ಅಂದಳು.
ದಾವಲ್ ತನ್ನ ಓಣಿಗೆ ಹೋಗಿ ಬಂದ.
ನಾನಿ ಒಳಗ ಬಂದು ಸ್ಟೂಲ್ ಮ್ಯಾಲ ಕುಂತು
"ಇನ್ನಟ ಆ ಕಡೆ, ಇನ್ನಟ, ನಿಲ್ಲು," ಅಂದಳು;
ಅಲ್ಲಿ ಏನಿತ್ತು ಅಂತ ಹೇಳಲಿಲ್ಲ.
ಗುರುಪಾದ ಮಾತ್ರ ಗೊಣಗಿದ:
"ಸೋಲಾಕಿಲ್ಲ, ಗೆಲ್ಲಾಕಿಲ್ಲ, ಇದು ಆಟಾನೇ ಅಲ್ಲ."
ಹೋಗೂ ಮುಂದ ಎರಡು ಫ್ಲಾಪಿ ಕಿಸೇಕ ಹಾಕ್ಕೊಂಡು ಹೋದ.

ಆರು ವರ್ಷದ ಮ್ಯಾಲ, ಜಮಖಂಡಿ,
ಒಂದು ಕಂಪ್ಯೂಟರ್ ಕ್ಲಾಸಿಗೆ ಪ್ರಿಂಟರಿನ ಶಾಯಿ ಕೊಡಾಕ ಹೋಗಿದ್ದೆ.
ಮೂಲ್ಯಾಗ ಒಬ್ಬ ಹುಡುಗ, ಟೈಪಿಂಗ್ ಬಿಟ್ಟು,
ನೀಲಿ ನೀರಾಗ ಎರಡು ಕೋಡು ತೇಲಿಸಕೋತ ಕುಂತಿದ್ದ.
ನನ್ನ ಎಮ್ಮಿ. ನನ್ನ ಲೂನಾ.
ಅದರ ಹಿಂದ, ಮೂರೇ ಚೌಕದ್ದು, ಒಂದು ಕರ.
ತಾಯಿ ನಿಂತರ ನಿಲ್ಲತಿತ್ತು,
ತಿರುಗಿದರ ಒಂದು ಮನಿ ತಡಾ ಮಾಡಿ ತಿರುಗತಿತ್ತು.

"ಈ ಕರ ಯಾರು ಹಾಕಿದ್ದು, ತಮ್ಮಾ?"

ಪರದೆ ಬಿಟ್ಟು ಕಣ್ಣು ತಗೀಲಿಲ್ಲ ಅವ.
"ಅದು ಮೊದಲಿಂದಾನೂ ಐತ್ರಿ."